ದೀಡಕಿಯ ಧಾಟಿ

ನಮ್ಮ ಮನೆಯಲ್ಲಿ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಜಗಳ ಆಗಲೇಬೇಕು. ಯಾರ ಸಾಲಿ ಚಲೋ ಎಂಬುದೇ ಜಗಳ. ಒಂದು ಕಡೆ ನಾನು, ಇನ್ನೊಂದು ಕಡೆ ನನಗಿಂತ ಒಂದೂವರೆ ವರ್ಷ ದೊಡ್ಡವನಾದ ಅಣ್ಣ. ಅವ್ವ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಡುತ್ತಿದ್ದಳು. ಅವಳ ತೀರ್ಪು ಒಂದೇ ಒಂದು: "ಎರಡೂ ಸಾಲಿ ಹಾಳಾಗಿ ಹೋಗ್ಲಿ, ಮೊದಲ ಎದ್ದು ನೀರು ತರ್ರಿ."

ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು. ಅಪ್ಪ ಕಚೇರಿಯಲ್ಲಿ ಕಾರಕೂನ. ಅವನಿಗೆ ವರ್ಗವಾದಲ್ಲೆಲ್ಲ ನಮ್ಮ ಪಾಟಿಚೀಲವೂ ಹೋಗುತ್ತಿತ್ತು. ರೋಣದಲ್ಲಿ ನನ್ನ ಬಿನ್ನೆತ್ತೆ ಆಯಿತು. ಬಿನ್ನೆತ್ತೆ ಎಂದರೆ ಒಂದನೆಯ ಇಯತ್ತೆಗೂ, ಅಂದರೆ ಒಂದನೆಯ ತರಗತಿಗೂ, ಮೊದಲಿನದು, ಸಣ್ಣ ಮಕ್ಕಳು ಅಳದೆ ಕೂಡುವುದನ್ನು ಕಲಿಯುವ ಜಾಗ. ಒಂದು, ಎರಡು ಗಜೇಂದ್ರಗಡದಲ್ಲಿ. ಮೂರು, ನಾಲ್ಕು ನರಗುಂದದಲ್ಲಿ. ಇಷ್ಟು ಊರ ನೀರು ಕುಡಿದವಳು ಎಂದು ನನಗೆ ಸೊಕ್ಕು. ಯಾವುದಕ್ಕೆ ಬೇಕಾದರೂ "ರೋಣದಾಗ ಹಿಂಗಿರಲಿಲ್ಲ, ಗಜೇಂದ್ರಗಡದಾಗ ಹಂಗ ಮಾಡ್ತಿದ್ರು" ಎಂದು ಶುರು ಮಾಡುತ್ತಿದ್ದೆ. ಅಣ್ಣ ಕೈಮುಗಿದು "ಆತ ನಮ್ಮವ್ವಾ, ರೋಣಕ್ಕ ಹೋಗಿಬಿಡು" ಎನ್ನುತ್ತಿದ್ದ.

ನರಗುಂದದಲ್ಲಿ ನಮ್ಮ ಓಣಿಯ ಮಕ್ಕಳಿಗೆ ಗೊತ್ತಿದ್ದ ಸಾಲಿಗಳು ಮೂರು. ಸರಕಾರದ ಕಾಗದದಲ್ಲಿ ಅವುಗಳ ಹೆಸರು ಏನಿತ್ತೋ ಏನೋ. ನಮ್ಮ ಬಾಯಲ್ಲಿ ಒಂದು ಚಾವಡಿ ಸಾಲಿ, ಇನ್ನೊಂದು ಬೇವಿನಗಿಡದ ಸಾಲಿ. ಇವೆರಡೂ ಗಂಡುಹುಡುಗರವು. ಮೂರನೆಯದು ನಮ್ಮದು, ಹೆಣ್ಣುಸಾಲಿ.

ಚಾವಡಿ ಸಾಲಿಗೆ ಒಳ್ಳೆಯ ಹೆಂಚಿನ ಮಾಡು ಇತ್ತು, ಆದರೆ ಮಾಸ್ತರರಿಗೆ ನಿದ್ದೆ ಬಹಳ. ಅಣ್ಣ ಮೊದಲು ಅಲ್ಲೇ ಇದ್ದ. ಒಂದು ಮಧ್ಯಾಹ್ನ ಮಾಸ್ತರರು ಗೊರಕೆ ಹೊಡೆಯುತ್ತಿರುವಾಗ ಗೂಟದ ಮೇಲಿನ ಅವರ ರುಮಾಲನ್ನು ಒಯ್ದು ಹೊರಗೆ ನಿಂತಿದ್ದ ಕತ್ತೆಯ ತಲೆಗೆ ಸುತ್ತಿದ. ಮಾಸ್ತರರು ಎಚ್ಚರಾಗಿ ಹೊರಗೆ ಬಂದಾಗ ಈ ಮಹರಾಯ ಕತ್ತೆಯ ಮುಂದೆ ಕೈಕಟ್ಟಿ ನಿಂತು ನೀರು ಕುಡಿಯಲು ಅಪ್ಪಣೆ ಕೇಳುತ್ತಿದ್ದನಂತೆ. ಮರುದಿನವೇ ಅವನ ಹೆಸರು ಚಾವಡಿ ಸಾಲಿಯಿಂದ ಹೊರಬಿತ್ತು. ಬೇವಿನಗಿಡದ ಸಾಲಿಯವರು ಸೇರಿಸಿಕೊಂಡರು, ಆದರೆ ಮೂರನೆಯ ಇಯತ್ತೆಯಲ್ಲಿ ಇನ್ನೊಮ್ಮೆ ಕೂಡಿಸಿದರು. ಹಾಗಾಗಿ ಅವನೂ ನಾನೂ ಒಂದೇ ಇಯತ್ತೆಗೆ ಬಂದೆವು. ಇದನ್ನು ನಾನು ಅವನಿಗೆ ದಿನಕ್ಕೆ ಎರಡು ಸಲವಾದರೂ ನೆನಪು ಮಾಡಿಕೊಡುತ್ತಿದ್ದೆ.

ಬೇವಿನಗಿಡದ ಸಾಲಿಯಲ್ಲಿ ಅರ್ಧ ಹುಡುಗರು ಒಳಗೆ, ಅರ್ಧ ಹುಡುಗರು ಗಿಡದ ಕೆಳಗೆ. ಮೇಲಿಂದ ಕಾಗೆ ಹಿಕ್ಕೆ ಹಾಕಿದರೆ ಪಾಟಿ ಒರೆಸಿಕೊಂಡು ಲೆಕ್ಕ ಮುಂದುವರಿಸಬೇಕು. ಆದರೆ ಅಲ್ಲಿ ಏಳನೆಯ ಇಯತ್ತೆಯವರೆಗೂ ಇತ್ತು, ಏಳನೆಯದರ ಕೊನೆಗೆ ಬರುವ ಮುಲ್ಕಿ ಪರೀಕ್ಷೆಗೆ ಕೂಡಿಸುತ್ತಿದ್ದರು. ಅವರ ಗಂಟೆ ಎಂದರೆ ಕೊಂಬೆಗೆ ತೂಗುಹಾಕಿದ ರೈಲುಹಳಿಯ ತುಂಡು. ನರಗುಂದಕ್ಕೆ ರೈಲೇ ಇಲ್ಲ, ಹಳಿ ಎಲ್ಲಿಂದ ಬಂತು ಎಂದು ಕೇಳಿದರೆ ಅಣ್ಣ ನಗದೆ ಹೇಳುತ್ತಿದ್ದ: "ರೈಲು ಬಂದಿತ್ತು. ನಮ್ಮ ಸಾಲಿ ಗಂಟಿ ಸಪ್ಪಳಕ್ಕ ಅಂಜಿ ಹೊಳ್ಳಿ ಹೋತು."

ನಮ್ಮ ಹೆಣ್ಣುಸಾಲಿಗೆ ಗಂಟೆಯೇ ಇರಲಿಲ್ಲ. ಅಕ್ಕೋರು ಬಾಗಿಲಲ್ಲಿ ನಿಂತು ಕೆಮ್ಮಿದರೆ ಸಾಲಿ ಶುರು, ಇನ್ನೊಮ್ಮೆ ಕೆಮ್ಮಿದರೆ ಬಿಟ್ಟಂತೆ. ಹೆಂಗಸು ಮಾಸ್ತರರಿಗೆ ನಮ್ಮ ಕಡೆ ಅಕ್ಕೋರು ಎನ್ನುವುದು. ನಾಲ್ಕೂ ಇಯತ್ತೆಗೆ ಅವರೊಬ್ಬರೇ. ಎರಡು ಕೋಣೆ, ಮಣ್ಣಿನ ಮಾಳಿಗೆ. ಮಳೆಗಾಲದಲ್ಲಿ ಸೋರುವ ಕಡೆ ಒಂದನೆಯ ಇಯತ್ತೆಯನ್ನು ಎಬ್ಬಿಸಿ ಎರಡನೆಯದರ ಮಡಿಲಲ್ಲಿ ಕೂಡಿಸುತ್ತಿದ್ದರು.

ಇಷ್ಟೆಲ್ಲ ಹೇಳಿದೆ, ಮುಖ್ಯವಾದದ್ದನ್ನು ಬಿಟ್ಟೆ. ಮೂರು ಸಾಲಿಗೂ ಮಗ್ಗಿ ಒಂದೇ, ಆದರೆ ಧಾಟಿ ಬೇರೆ ಬೇರೆ. ಆಗ ಬರೀ ಮಗ್ಗಿ ಬಂದರೆ ಸಾಲದು. ಪಾವಕಿ, ಅರ್ಧಕಿ, ದೀಡಕಿ ಎಂಬ ಕಾಲು, ಅರ್ಧಗಳ ಮಗ್ಗಿಯೆಲ್ಲ ಬಾಯಿಗೆ ಬರಬೇಕು. ದೀಡಕಿ ಎಂದರೆ ಒಂದೂವರೆಯ ಮಗ್ಗಿ, ಅದರಲ್ಲಿ ನಾಲ್ಕೂವರೆಗೆ ಸಾಡೇನಾಕ ಎನ್ನುವುದು. ಚಾವಡಿ ಸಾಲಿಯವರು ಅದನ್ನು ಭಜನೆಯ ಹಾಗೆ ಎಳೆದು ಎಳೆದು ಹಾಡುತ್ತಿದ್ದರು, ಮಾಸ್ತರರ ನಿದ್ದೆಗೆ ಅದೇ ಕಾರಣ ಎಂದು ನನ್ನ ಅನುಮಾನ. ಬೇವಿನಗಿಡದವರದು ಕವಾಯತಿನ ಧಾಟಿ. "ಒಂದ ದೀಡಿ ದೀಡ! ಎರಡ ದೀಡಿ ಮೂರ!" ಎಂದು ಒದರಿ ಪ್ರತಿ ಸಾಲಿನ ಕೊನೆಗೆ ಬಲಗಾಲಿನ ಹಿಮ್ಮಡದಿಂದ ನೆಲಕ್ಕೆ ಧಪ್ ಎಂದು ಗುದ್ದಬೇಕು. ನಮ್ಮ ಅಕ್ಕೋರು ಕಲಿಸಿದ್ದು ಬೀಸುವ ಹಾಡಿನ ಧಾಟಿ. ಅರ್ಧ ಹುಡುಗಿಯರು ಮುಂಜಾನೆ ಅವ್ವನ ಕೂಡ ಬೀಸುಕಲ್ಲಿಗೆ ಕೈಹಚ್ಚಿ ಬಂದವರು, ಅವರಿಗೆ ಲಗೂ ಹತ್ತುವುದು ಇದೇ ಎಂದು ಅಕ್ಕೋರ ವಿಚಾರ. "ಮೂರ ದೀಡಿ ಸಾಡೇನಾಕ, ನಾಕ ದೀಡಿ ಆರವ್ವಾ..." ಎಂದು ಮೈ ತೂಗುತ್ತ ಹಾಡುತ್ತಿದ್ದೆವು. ಅಣ್ಣ ದಿನಾ ಸಂಜೆ ಗೋಡೆಗೆ ಒರಗಿ ಕೂತು, ಇಲ್ಲದ ಬೀಸುಕಲ್ಲು ತಿರುವುತ್ತ, ಮೂಗಿನಲ್ಲಿ ನಮ್ಮ ದೀಡಕಿ ಹಾಡಿ ಅಣಕಿಸುತ್ತಿದ್ದ. ನಾನು ಎದ್ದು ಅವನ ಹಾಗೆ ಧಪ್ ಧಪ್ ಎಂದು ಕುಣಿಯುತ್ತಿದ್ದೆ. ಮಾಳಿಗೆಯ ಮಣ್ಣು ರೊಟ್ಟಿಯ ಮೇಲೆ ಉದುರಿ ಇಬ್ಬರಿಗೂ ಅವ್ವನ ಏಟು ಬೀಳುತ್ತಿತ್ತು.

ಜಗಳ ತಮಾಷೆಯಾಗಿರದೆ ಹೋದದ್ದು ನಾಲ್ಕನೆಯ ಇಯತ್ತೆಯ ನಡುವೆ. ನಮ್ಮ ಹೆಣ್ಣುಸಾಲಿ ಇದ್ದದ್ದೇ ನಾಲ್ಕರವರೆಗೆ. ಅವ್ವ ಒಂದು ದಿನ ಸಹಜವಾಗಿ ಹೇಳಿಬಿಟ್ಟಳು: "ಬ್ಯಾಸಗಿ ಆದಮ್ಯಾಲೆ ಇಕಿ ಸಾಲಿ ಸಾಕು. ಹೊಲಿಗಿ ಕಲೀಲಿ, ಕೂಸಿನ್ನ ನೋಡಿಕೊಳ್ಳಲಿ." ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕಚೇರಿಯವರ ಹಾಗೆ ನಡುವಿನ ದಾರಿ ಹಿಡಿದ: "ಹೆಣ್ಣುಸಾಲ್ಯಾಗ ಐದನೇತ್ತಿ ಆದರ ಕಳಸೋಣು. ಗಂಡುಸಾಲಿಗೆ ಮಾತ್ರ ಕಳಸಂಗಿಲ್ಲ. ಮಂದಿ ಏನಂದಾರು?" ನಾನು ಅಂದು ಅರ್ಧ ರೊಟ್ಟಿ ಬಿಟ್ಟು ಎದ್ದೆ. ಓದಬೇಕು ಎಂಬ ದೊಡ್ಡ ಆಸೆಯೇನೂ ಅಲ್ಲ, ಸುಳ್ಳು ಯಾಕೆ ಹೇಳಲಿ. ಅಣ್ಣ ಮುಂದೆ ಹೋಗುತ್ತಾನೆ, ನಾನು ಕೂಸು ತಮ್ಮನ ತೊಟ್ಟಿಲು ತೂಗುತ್ತ ಕೂಡಬೇಕು, ಅದು ನನಗೆ ಸುತರಾಂ ಆಗದು.

ಐದನೆಯ ಇಯತ್ತೆಗೆ ಅಕ್ಕೋರು ಮೊದಲೇ ಅರ್ಜಿ ಹಾಕಿದ್ದರು. ಉತ್ತರವಾಗಿ ದಿಪೋಟಿ ಸಾಹೇಬರೇ ಬರುವುದೆಂದಾಯಿತು. ಸಾಲಿ ತಪಾಸಣೆಗೆ ಬರುವ ಸಾಹೇಬರಿಗೆ ದಿಪೋಟಿ ಎನ್ನುತ್ತಿದ್ದೆವು. ಅಕ್ಕೋರು ನಮ್ಮನ್ನೆಲ್ಲ ಕೂಡಿಸಿ ಹೇಳಿದರು: "ಸಾಹೇಬರು ಬಂದಾಗ ನಾಲ್ಕನೇತ್ತ್ಯಾಗ ಇಪ್ಪತ್ತು ಹುಡಿಗ್ಯಾರು ಕಣ್ಣಿಗೆ ಕಾಣಬೇಕು. ಅಂದ್ರ ಐದನೇತ್ತಿ ಕೊಡ್ತಾರಂತ. ಒಬ್ಬಾಕಿನೂ ತಪ್ಪಸಬ್ಯಾಡ್ರೆವಾ." ಹಾಜರಿ ಪಟದಲ್ಲಿ ನಾವು ಇಪ್ಪತ್ತೆರಡು ಮಂದಿ. ಏನೂ ಚಿಂತೆಯಿರಲಿಲ್ಲ.

ಸಾಹೇಬರು ಬರುವ ದಿನ ನಿಕ್ಕಿಯಾದದ್ದು ಹತ್ತಿ ಬಿಡಿಸುವ ಸುಗ್ಗಿಯಲ್ಲಿ. ಮೂರು ದಿನ ಮೊದಲು ಎಣಿಸಿದರೆ ಆರು ಹುಡುಗಿಯರು ಹೊಲದಲ್ಲಿದ್ದರು. ಇಬ್ಬರು ಯಾವಗಲ್ ಊರಿನ ಸೋದರಮಾವನ ಹೊಲಕ್ಕೇ ಹೋಗಿಬಿಟ್ಟಿದ್ದರು. ಅಕ್ಕೋರು ಮನೆಮನೆಗೆ ಹೋಗಿ ಕೇಳಿದರು. "ಹತ್ತಿ ಬಿಡಿಸಿ ಮುಗೀಲಿ, ಆಮ್ಯಾಲೆ ಬೇಕಾದಷ್ಟು ದಿನ ಕುಂದ್ರಸಿಕೋರಿ" ಎಂದರು ಮನೆಯವರು. ಉಳಿದವರು ಹದಿನಾರು. ಅಕ್ಕೋರು ಹೊತ್ತಲ್ಲದ ಹೊತ್ತಿನಲ್ಲಿ ಕೆಮ್ಮಿದರು, ಸಾಲಿ ಬಿಟ್ಟಿತೆಂದು ನಾವು ಎದ್ದು ನಡೆದೆವು.

ನಾಲ್ಕು ಹುಡುಗಿಯರು ಬೇಕು. ನನ್ನ ತಲೆಗೆ ಹೊಳೆದದ್ದು ನಾಲ್ಕು ಹುಡುಗರು.

ಇದರಲ್ಲಿ ನನ್ನದೇನೂ ವಿಶೇಷ ಬುದ್ಧಿಯಲ್ಲ. ನಮ್ಮ ಕಡೆ ದೊಡ್ಡಾಟದಲ್ಲಿ ಮೀಸೆ ಬೋಳಿಸಿದ ಗಂಡಸರೇ ರಾಣಿಯಾಗುವುದು. ಅದನ್ನು ನೋಡಿ ಬಂದ ಅಣ್ಣ ಹಿತ್ತಲಲ್ಲಿ ಅವ್ವನ ಸೀರೆ ಸುತ್ತಿಕೊಂಡು ರಾಣಿಯ ಪಾತ್ರ ಮಾಡಿದವನೇ. ನಾನು ಕೇಳಿದಾಗ ಮೊದಲು "ಹುಚ್ಚು ಗಿಚ್ಚು ಹಿಡದೈತೇನು ನಿನಗ?" ಎಂದ. ಒಂದು ತಿಂಗಳು ಅವನ ಶುದ್ಧಬರಹ ನಾನೇ ಬರೆದುಕೊಡುತ್ತೇನೆ, ಜೊತೆಗೆ ನಾಲ್ವರಿಗೂ ಹುಣಸೆಹಣ್ಣಿನ ಚಿಗಳಿ ಎಂದೆ. ಸ್ವಲ್ಪ ಹೊತ್ತು ನೆಲ ಕೆದರಿದ. ಆಮೇಲೆ "ನೀ ಮನ್ಯಾಗ ಕುಂತ್ರ ನಾ ಸಂಜಿಕೆ ಯಾರ ಕೂಡ ಜಗಳಾಡ್ಲಿ?" ಎಂದು ಒಪ್ಪಿದ. ತನ್ನ ಸಾಲಿಯ ಮೂವರು ಗೆಳೆಯರನ್ನೂ ಅವನೇ ಒಪ್ಪಿಸಿದ.

ಎರಡು ಸಂಜೆ ಹಿತ್ತಲಲ್ಲಿ ತಾಲೀಮು ನಡೆಯಿತು. ಪರಕರ, ಅಂದರೆ ನಮ್ಮ ಉದ್ದ ಲಂಗ, ಎತ್ತಿಕೊಂಡು ಕೂಡುವುದು ಹ್ಯಾಂಗ, ಸಾಹೇಬರು ಬಂದರೆ ನೆಲ ನೋಡುತ್ತ ಏಳುವುದು ಹ್ಯಾಂಗ, ಎಲ್ಲ ಕಲಿಸಿದೆ. ಬೇವಿನಗಿಡದ ಸಾಲಿಯಲ್ಲಿ ಹಾಜರಿ ಕೂಗಿದರೆ "ಹಾಜರ್ರೀ!" ಎಂದು ಒದರುತ್ತಾರೆ, ನಮ್ಮಲ್ಲಿ "ಬಂದೀನ್ರಿ ಅಕ್ಕೋರ" ಎನ್ನಬೇಕು. ಅದನ್ನೂ ಬಾಯಿಗೆ ಬರಿಸಿದೆ. ಹೊಲಕ್ಕೆ ಹೋದ ಯಾವ ಹುಡುಗಿಯ ಹೆಸರಿಗೆ ಯಾರು ಓಗೊಡಬೇಕೆಂದು ಹಂಚಿಕೊಟ್ಟೆ. ಉಳಿದದ್ದು ತಲೆಗೂದಲು. ನಾಲ್ವರದೂ ಕ್ಷೌರದ ತಲೆ. ಅದಕ್ಕೆ ಹಳೇ ಅರಿವೆ ಬಿಗಿದು, ಕೇಳಿದರೆ ಹೇನಿನ ಔಷಧ ಹಚ್ಚಿದೆ ಎನ್ನುವುದೆಂದು ನಿಶ್ಚಯವಾಯಿತು. ಅನುಮಾನ ಬರಬಾರದೆಂದು ಖರೇನೇ ಬೇವಿನ ಎಣ್ಣೆ ಸುರಿದೆ. ಅಣ್ಣ ಬಾಯಿಗೆ ಬಂದಂತೆ ಬೈದ, ಆದರೆ ಕೊನೆಗೆ "ಬಳಿ ಇಲ್ಲದ ನಾ ಬರಂಗಿಲ್ಲ" ಎಂದು ಹಟ ಹಿಡಿದವನೂ ಅವನೇ. ನನ್ನ ಕೈಯ ಬಳೆ ಬಿಚ್ಚಿಕೊಟ್ಟೆ.

ಅಕ್ಕೋರಿಗೆ ಹೇಳಿರಲಿಲ್ಲ. ಹೇಳಿದ್ದರೆ ಅಲ್ಲೇ ಬೆನ್ನು ಮುರಿಯುತ್ತಿದ್ದರು. ಆ ದಿನ ಅವರು ಸಾಹೇಬರನ್ನು ಕರೆತರಲು ಹೊರಗೆ ಹೋದಾಗ ನಾಲ್ವರೂ ಹಿಂದಿನ ಬಾಗಿಲಿಂದ ಬಂದು ಗೋಡೆಯ ಸಾಲಿನಲ್ಲಿ ಕೂತರು. ಅಕ್ಕೋರು ಒಳಗೆ ಕಾಲಿಟ್ಟು, ಕೆಮ್ಮಿ, ನಮ್ಮ ಕಡೆ ನೋಡಿದರು. ಕೆಮ್ಮು ಅರ್ಧಕ್ಕೇ ನಿಂತಿತು. ಹಿಂದೆಯೇ ಸಾಹೇಬರು ಕರಿ ಟೊಪ್ಪಿಗೆ, ಕೋಟು, ಕಿರುಗುಟ್ಟುವ ಬೂಟು ಹಾಕಿಕೊಂಡು ಬಂದುಬಿಟ್ಟರು. ಅಕ್ಕೋರಿಗೆ ಏನಾದರೂ ಅನ್ನಲು ಹೊತ್ತೇ ಸಿಗಲಿಲ್ಲ.

"ಈ ನಾಲ್ಕು ಮಂದಿ ತಲೀಗೆ ಏನಾಗೇತಿ?"

"ಹೇನಿನ ಔಷಧರೀ" ಎಂದೆ ನಾನೇ. ಎಣ್ಣೆಯ ವಾಸನೆ ಮೂಗಿಗೆ ಬಡಿದಿರಬೇಕು, ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು ಕುರ್ಚಿ ಎಳೆದುಕೊಂಡರು. ಹಾಜರಿ ಶುರುವಾಯಿತು. ಹೊಲಕ್ಕೆ ಹೋದವರ ಹೆಸರು ಬಂದಾಗ ಗೋಡೆಯ ಕಡೆಯಿಂದ ಸಣ್ಣ ದನಿಯಲ್ಲಿ "ಬಂದೀನ್ರಿ ಅಕ್ಕೋರ" ಎಂದು ಕೇಳಿತು. ಅಣ್ಣನಂತೂ ಎಷ್ಟು ನಾಚಿಕೊಂಡು ಅಂದನೆಂದರೆ, ನಮ್ಮಲ್ಲಿ ಯಾರೂ ಅಷ್ಟು ನಾಚಿದ್ದನ್ನು ನಾನು ಕಂಡಿರಲಿಲ್ಲ. ಸಾಹೇಬರು ಬೆರಳು ಮಡಚುತ್ತ ಎಣಿಸಿದರು. ಇಪ್ಪತ್ತು. ನನ್ನ ಎದೆಯಲ್ಲಿ ಐದನೆಯ ಇಯತ್ತೆ ಬಂದು ಕೂತಿತು.

"ಚಲೋ ಆತು" ಎಂದರು ಸಾಹೇಬರು. "ದೀಡಕಿ ಒಂದು ಅನ್ರಿ ನೋಡೋಣು. ಎಲ್ಲಾರೂ ಕೂಡಿ." ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು.

ಅಯ್ಯೋ ದೇವರೇ! ಕೂಡುವುದು ಕಲಿಸಿದೆ, ಏಳುವುದು ಕಲಿಸಿದೆ, ಬಳೆ ತೊಡಿಸಿದೆ. ದಿನಾ ಸಂಜೆ ಯಾವುದಕ್ಕಾಗಿ ಹೊಡೆದಾಡುತ್ತಿದ್ದೆವೋ ಅದೊಂದನ್ನೇ ಮರೆತಿದ್ದೆ. ನಮ್ಮ ಹದಿನಾರು ಮಂದಿ ಮೈ ತೂಗುತ್ತ "ಒಂದ ದೀಡಿ ದೀಡವ್ವಾ" ಎಂದು ಬೀಸತೊಡಗಿದರೆ ಗೋಡೆಯ ಕಡೆಯಿಂದ "ಎರಡ ದೀಡಿ ಮೂರ!" ಎಂದು ಕವಾಯತು ಎದ್ದಿತು. ಅಣ್ಣನಿಗೆ ಕಣ್ಣು ಹೊಡೆದೆ, ಕೈ ಮಾಡಿದೆ. ಅವನು ಎದೆಯುಬ್ಬಿಸಿ ಎದುರು ಗೋಡೆ ನೋಡುತ್ತಿದ್ದ. ಸಾಲಿನ ಕೊನೆಗೆ ನಾಲ್ಕು ಬಲಗಾಲು ಪರಕರದೊಳಗಿಂದ ಧಪ್ ಎಂದು ಗುದ್ದಿದವು. ಬಳೆ ಝಲ್ ಎಂದವು.

ಮುಂದೆ ಆದದ್ದನ್ನು ನಾನು ಕಣ್ಣಾರೆ ಕಂಡೆ. "ನಾಕ ದೀಡಿ ಆರ" ಎನ್ನುವಾಗ ಐದನೆಯ ಕಾಲು ಒಂದು ಧಪ್ ಎಂದಿತು. ಬೂಟಿನ ಕಾಲು. ಕಣ್ಣು ಮುಚ್ಚಿಕೊಂಡಿದ್ದ ಸಾಹೇಬರೇ ಹಿಮ್ಮಡದಿಂದ ನೆಲಕ್ಕೆ ಗುದ್ದಿದ್ದರು. "ಐದ ದೀಡಿ ಸಾಡೇ ಏಳ." ಧಪ್. ಇನ್ನೊಮ್ಮೆ. ಆಮೇಲೆ ನಿಧಾನವಾಗಿ ಕಣ್ಣು ತೆರೆದು ತಮ್ಮ ಬೂಟನ್ನೇ ನೋಡಿಕೊಂಡರು.

"ಏ, ನಿಲ್ರಿ, ನಿಲ್ರಿ. ಇದು ಬೇವಿನಗಿಡದ ಸಾಲಿ ಧಾಟಿ ಅಲ್ಲ? ನಾ ಕಲತಿದ್ದು ಅಲ್ಲೆ. ಹೆಣ್ಣುಸಾಲ್ಯಾಗ ಇದನ್ನ ಯಾರು ಕಲಿಸಿದ್ರು?"

ಸಾಹೇಬರು ನಮ್ಮೂರಿನವರೇ ಎಂದು ಯಾವ ಪುಣ್ಯಾತ್ಮನೂ ನನಗೆ ಹೇಳಿರಲಿಲ್ಲ. ಗೋಡೆಯ ಕಡೆ ಒಬ್ಬ ಅಳತೊಡಗಿದ, ಆ ಅಳು ಸಣ್ಣ ದನಿಯಲ್ಲಿರಲಿಲ್ಲ. ಸಾಹೇಬರು ಎದ್ದು ಹೋಗಿ ಅಣ್ಣನ ತಲೆಯ ಅರಿವೆ ಎತ್ತಿದರು.

"ಈ ಕಿತಾಪತಿ ಯಾರದು?"

"ನನ್ನ ತಪ್ಪರೀ ಸಾಹೇಬರ" ಎಂದರು ಅಕ್ಕೋರು. ತಲೆ ತಗ್ಗಿಸಿ, ಕೈ ಜೋಡಿಸಿ. ಅವರಿಗೆ ಏನೆಂದರೆ ಏನೂ ಗೊತ್ತಿರಲಿಲ್ಲ. ನಾವು ತಪ್ಪಿದರೆ ರೂಳಿನಿಂದ ಕೈ ಕೆಂಪು ಮಾಡುವ ಅಕ್ಕೋರು ನನಗೋಸ್ಕರ ಕೈ ಜೋಡಿಸಿ ನಿಂತದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಅಕ್ಕೋರದು ಅಲ್ರಿ, ನಂದರೀ. ಹುಡಿಗ್ಯಾರು ಹತ್ತಿ ಬಿಡಸಾಕ ಹೋಗ್ಯಾರ್ರಿ. ಐದನೇತ್ತಿ ಆಗಲಿಲ್ಲಂದ್ರ ನಮ್ಮವ್ವ ನನ್ನ ಮನ್ಯಾಗ ಕುಂದ್ರಸ್ತಾಳ್ರಿ." ಇಷ್ಟು ಹೇಳುವಷ್ಟರಲ್ಲಿ ಗೊಳೋ ಎಂದು ಅತ್ತೆ.

ಸಾಹೇಬರು ಅರಿವೆಯನ್ನು ಅಣ್ಣನ ಕೈಗೆ ಕೊಟ್ಟರು. ಆಮೇಲೆ "ನೀ ಒಬ್ಬಾಕಿ ಅನ್ನು ದೀಡಕಿ" ಎಂದರು. ಸಿಂಬಳ ಒರೆಸಿಕೊಂಡು, ಬಿಕ್ಕುತ್ತ, ನಮ್ಮ ಬೀಸುವ ಧಾಟಿಯಲ್ಲೇ "ಮೂವತ್ತ ದೀಡಿ ನಲವತ್ತೈದು" ಎಂಬಲ್ಲಿಯವರೆಗೂ ಹೇಳಿದೆ. ಒಂದೂ ತಪ್ಪಲಿಲ್ಲ. ಅವರು ತಪಾಸಣೆಯ ಅಭಿಪ್ರಾಯ ಬರೆಯುವ ಶೇರಾ ಬುಕ್ಕು ತರಿಸಿ ನಾಲ್ಕು ಸಾಲು ಬರೆದು, ಗೋಡೆಯ ಕಡೆಯವರಿಗೆ "ಪರಕರ ಕಳದು ನಿಮ್ಮ ಸಾಲಿಗೆ ಓಡ್ರಿ" ಎಂದು ಗದರಿಸಿ ಹೊರಟುಹೋದರು. ಬಾಗಿಲು ದಾಟಿದ ಮೇಲೆ ಅವರು ನಕ್ಕರು ಎಂದು ಒಂದನೆಯ ಇಯತ್ತೆಯವರು ಹೇಳಿದರು. ನಾನು ನೋಡಲಿಲ್ಲ.

ಶೇರಾದಲ್ಲಿ ಬರೆದದ್ದನ್ನು ಅಕ್ಕೋರು ಓದಿದರು. ಹಾಜರಿ ಹದಿನಾರು. ಬಾಯಿಲೆಕ್ಕ ಉತ್ತಮ. ಐದನೆಯ ಇಯತ್ತೆಗೆ ಸಂಖ್ಯೆ ಸಾಲದು. ಇಚ್ಛೆಯಿದ್ದ ಹುಡುಗಿಯರನ್ನು ಗಂಡುಸಾಲಿಯ ಐದನೆಯದರಲ್ಲಿ ಬೇರೆ ಸಾಲಿನಲ್ಲಿ ಕೂಡಿಸಿಕೊಳ್ಳಬೇಕು. ಓದಿ ಮುಗಿಸಿ ನನ್ನನ್ನು ಕರೆದು ರೂಳಿನಿಂದ ಅಂಗೈಗೆ ಒಂದೇ ಒಂದು ಕೊಟ್ಟರು. ಆಮೇಲೆ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದರು. ನಾವು ಯಾರೂ ಎದ್ದು ಹೋಗಲಿಲ್ಲ.

ಸುದ್ದಿ ಮಧ್ಯಾಹ್ನಕ್ಕೇ ಕಚೇರಿ ಮುಟ್ಟಿತು. ಸಂಜೆ ಅಪ್ಪ ಟೊಪ್ಪಿಗೆ ತೆಗೆದಿಟ್ಟು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡ. ಅಣ್ಣನಿಗೆ ಎರಡು ಬಿದ್ದವು, ನನಗೆ ಒಂದು. "ಗಂಡುಸಾಲಿ ಅಂತ, ಗಂಡುಸಾಲಿ! ಏನ ಮಾನ ಮರ್ಯಾದಿ ಐತೋ ಇಲ್ಲೋ ಈ ಮನಿಗೆ?" ಎಂದು ಅಪ್ಪ ಕೂಗಾಡಿದ. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಮುಖ ಎತ್ತದೆ ಹೇಳಿದಳು:

"ಮಗಾ ಬಳಿ ಇಟಗೊಂಡು ಹೆಣ್ಣುಸಾಲ್ಯಾಗ ಕುಂತು ಬಂದಾನ. ಇನ್ನ ಮಗಳು ಗಂಡುಸಾಲ್ಯಾಗ ಕುಂತ್ರ ಹೋಗಾಕ ಮಾನ ಎಲ್ಲಿ ಉಳದೈತ್ರಿ? ಹೋಗ್ಲಿ ಬಿಡ್ರಿ."

ಅವ್ವ ಅಂದದ್ದು ಸಿಟ್ಟಿಗೋ, ಬೇಕಂತಲೋ ಇಂದಿಗೂ ನನಗೆ ತಿಳಿದಿಲ್ಲ. ಕೇಳಿದಾಗಲೆಲ್ಲ "ನಾ ಎಲ್ಲಿ ಹಂಗಂದಿದ್ದೆ?" ಎಂದುಬಿಡುತ್ತಿದ್ದಳು. ಅಪ್ಪ ಮಾತ್ರ ಅಂದು ಕೂಗಾಟ ಬಿಟ್ಟು ಊಟಕ್ಕೆ ಕೂತ.

ಬೇಸಿಗೆ ಕಳೆದು ಬೇವಿನಗಿಡದ ಸಾಲಿಗೆ ಹೋದೆ. ಹದಿನಾರರಲ್ಲಿ ಬಂದವರು ಇಬ್ಬರೇ, ನಾನೂ ಇನ್ನೊಬ್ಬಳೂ. ಉಳಿದವರ ಮನೆಯಲ್ಲಿ ಬಳೆ ತೊಟ್ಟುಕೊಂಡ ಅಣ್ಣ ಇರಲಿಲ್ಲ. ನಮ್ಮನ್ನು ಮುಂದೆ ಬೇರೆ ಸಾಲಿನಲ್ಲಿ ಕೂಡಿಸಿದರು. ಬೆನ್ನ ಹಿಂದೆ ನಲವತ್ತು ಹುಡುಗರು. ದಿಪೋಟಿ ಸಾಹೇಬರು ಬಂದುಹೋದ ಮೇಲಿನ ನಾಲ್ಕು ತಿಂಗಳೂ ಅಣ್ಣನನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. "ಏ ಪರಕರ" ಎನ್ನುತ್ತಿದ್ದರು. ಅವನು ಅದಕ್ಕಾಗಿ ಎರಡು ಅಂಗಿ ಹರಿದುಕೊಂಡಿದ್ದ. ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ.

ಮಾಸ್ತರರು ಬಂದವರೇ "ಹೆಣ್ಣುಸಾಲಿಯಿಂದ ಬಂದಾಕಿ, ದೀಡಕಿ ಅನ್ನು" ಎಂದರು. ಎದ್ದೆ. ಕವಾಯತಿನ ಧಾಟಿಯಲ್ಲೇ ಹೇಳಬೇಕೆಂದು ಬೇಸಿಗೆಯೆಲ್ಲ ಹಿತ್ತಲಲ್ಲಿ ಹಿಮ್ಮಡ ಗುದ್ದಿ ಕಲಿತಿದ್ದೆ. ಬಾಯಿ ತೆರೆದರೆ ಬಂದದ್ದು ಬೀಸುವ ಧಾಟಿ. "ಒಂದ ದೀಡಿ ದೀಡವ್ವಾ..." ಹಿಂದೆ ಕಿಸಕ್ಕೆಂದಿತು. "ಲೇ, ಬೀಸಾಕ ಜ್ವಾಳ ತರ್ರಿ" ಎಂದ ಯಾರೋ. ಇಡೀ ಕೋಣೆ ನಕ್ಕಿತು. ಕಿವಿ ಕಾದವು. ನಾಕು, ಐದು, ಆರರವರೆಗೆ ಹೇಗೋ ಎಳೆದೆ. "ಏಳ ದೀಡಿ" ಎಂಬಲ್ಲಿ ಮಗ್ಗಿ ನಿಂತಿತು. ಹೊರಗೆ ಓಡಿಬಿಡಲೇ ಎಂದು ಬಾಗಿಲು ನೋಡಿದೆ.

"ಏಳ ದೀಡಿ ಸಾಡೇ ಹತ್ತವ್ವಾ..."

ಹಿಂದಿನ ಸಾಲಿನಿಂದ ಬಂತು ದನಿ. ಗೊಗ್ಗರು ದನಿ, ಆದರೆ ಧಾಟಿ ಅಕ್ಕೋರದೇ. ಅಣಕಿಸಿ ಅಣಕಿಸಿ ಅಣ್ಣನಿಗೆ ಪೂರಾ ಬಾಯಿಪಾಠವಾಗಿತ್ತು. ಎದ್ದು ನಿಂತಿದ್ದ. ಯಾವನಾದರೂ ಪರಕರ ಅನ್ನಲಿ ನೋಡುತ್ತೇನೆ ಎಂಬಂತೆ ಸುತ್ತಲೂ ಕಣ್ಣಾಡಿಸುತ್ತ, ಮೈ ತೂಗುತ್ತ ಹಾಡುತ್ತಿದ್ದ. ಯಾರೂ ಅನ್ನಲಿಲ್ಲ. ನಾನೂ ದನಿ ಕೂಡಿಸಿದೆ. ಇಬ್ಬರೂ ಮೂವತ್ತರವರೆಗೆ ಬೀಸಿದೆವು.

ಮನೆಗೆ ಬರುವಾಗ ದಾರಿಯಲ್ಲಿ ಅವನು ನನ್ನ ಕಡೆ ನೋಡಲಿಲ್ಲ. ಓಣಿಯ ತಿರುವಿನಲ್ಲಿ ಮಾತ್ರ ಹೇಳಿದ:

"ನಿಮ್ಮ ಸಾಲಿ ಧಾಟಿ ಅಗದೀ ಹೊಲಸ ಐತಿ ನೋಡು. ಆದ್ರ ಲೆಕ್ಕ ತಪ್ಪಂಗಿಲ್ಲ."